ಇರಾನಿಗೆ ಹೊರಟು ಔರಾದಿನಲ್ಲಿ ನಿಂತ ಟ್ಯಾಂಕರು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಇರಾನ್ ಮತ್ತು ಅಮೆರಿಕದ ಹಗೆಯ ಮೇಲೆ ಒಂದು ಕಥೆ ಬೇಕೆಂದು ಸಂಪಾದಕರು ಕೇಳಿದ್ದಾರೆ. ಎಣ್ಣೆಯ ಆಸೆಗೆ ಅಮೆರಿಕ, ಬ್ರಿಟನ್ ಸೇರಿ 1953ರಲ್ಲಿ ಇರಾನಿನ ಚುನಾಯಿತ ಪ್ರಧಾನಿಯನ್ನು ಇಳಿಸಿದವು. 1979ರಲ್ಲಿ ಇರಾನಿನ ಹುಡುಗರು ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆ ಇಟ್ಟುಕೊಂಡರು. ಇರಾನಿನವರು ಮೊದಲ ಇಸವಿಯಿಂದ ಕಥೆ ಹೇಳುತ್ತಾರೆ, ಅಮೆರಿಕದವರು ಎರಡನೆಯದರಿಂದ. ನಾನು ಬೀದರದವನು. ನಾನು ಕಂಡ ಪರದೇಶವೆಂದರೆ ತೆಲಂಗಾಣದ ಜಹೀರಾಬಾದ್.

ಮೊದಲ ಡ್ರಾಫ್ಟ್: ‘ತೆಹರಾನಿನಲ್ಲಿ ಹಿಮ ಬೀಳುತ್ತಿತ್ತು.’ ಬಿಡಿ. ಹಿಮವನ್ನು ನಾನು ನೋಡಿದ್ದು ಫ್ರಿಜ್ಜಿನಲ್ಲಿ, ಅದೂ ಕರೆಂಟ್ ಇದ್ದ ದಿನ.

೨

ಎರಡನೆಯ ಡ್ರಾಫ್ಟ್, ನಾನು ಬಲ್ಲ ಕಡೆಯದು: 2016ರ ಬರಗಾಲ. ಔರಾದ ತಾಲೂಕಿನ ಅಂಚಿನ ಒಂದು ಊರು. (ಹೆಸರು ಹೇಳುವುದಿಲ್ಲ, ನಾನು ಆ ದಾರಿಯಲ್ಲೇ ಓಡಾಡಬೇಕು.) ಅರ್ಧ ಊರು ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿದೆ. ಉಳಿದವರ ಕೊಡಗಳು ಸಾಲಾಗಿ ನಿಂತಿವೆ. ಭಾಲ್ಕಿ ಕಡೆಯ ವೈಜಿನಾಥ ತನ್ನ ಕೊಳವೆಬಾವಿಯ ನೀರನ್ನು ಟ್ಯಾಂಕರಿನಲ್ಲಿ ಧರ್ಮಕ್ಕೆ ತಂದಿದ್ದಾನೆ. ಅವನ ಫೋಟೋ ಇರುವ ಬ್ಯಾನರು ಟ್ಯಾಂಕರಿಗಿಂತ ಉದ್ದ.

ಸಾಲಿನ ಮೊದಲ ಕೊಡ ಭಾಗೀರಥಿಬಾಯಿಯದು. ಮುದುಕಿ ಅದನ್ನು ಬೋರಲು ಹಾಕಿದಳು. ಆ ಊರಲ್ಲಿ ಮೊದಲ ಕೊಡ ಬೋರಲು ಬಿದ್ದರೆ ಹಿಂದಿನವರು ಯಾರೂ ನೀರು ಹಿಡಿಯುವುದಿಲ್ಲ. ಸರದಿ ಮುರಿಯುವುದು ಅವರಿಗೆ ಕಳ್ಳತನಕ್ಕಿಂತ ಕೀಳು.

ಕಾರಣ ಹಳೆಯದು. 1972ರ ಬರದಲ್ಲಿ ಊರವರು ಕೈ ಎತ್ತಿ ಅವಳ ಅಪ್ಪ ಹಾವಗೆಪ್ಪನನ್ನು ಕೆರೆಯ ಹಿರಿಯನನ್ನಾಗಿ ಆರಿಸಿದ್ದರು. ಕೆರೆ ಕುಡಿಯಲಿಕ್ಕೆ, ಕಬ್ಬಿಗಲ್ಲ ಎಂದು ಅವನು ಹಟ ಹಿಡಿದ. ತಾಲೂಕಿನ ಗಡಿಯಾಚೆ ಕಬ್ಬು ಹಾಕಿದ್ದ ವೈಜಿನಾಥನ ಅಜ್ಜ ಬಂದು, ನಾಲ್ಕು ಮನೆಗೆ ಮೇವು ಹಂಚಿ, ಅವನನ್ನು ಇಳಿಸಿ ತನ್ನ ಕಡೆಯ ದತ್ತಾತ್ರಿಯನ್ನು ಕೂರಿಸಿದ. ನೀರೆಲ್ಲ ಕಬ್ಬಿಗೆ ಹರಿದು ಕೆರೆ ಬರಿದಾಯಿತು. ಹಾವಗೆಪ್ಪ ದುಡಿಯಲು ಹೈದರಾಬಾದಿಗೆ ಹೋದವನು ಮರಳಲಿಲ್ಲ. ಅಂದಿನಿಂದ ಆ ಊರಲ್ಲಿ ಎಮ್ಮೆ ಒದ್ದರೂ ಭಾಲ್ಕಿಯವರ ಕೈವಾಡ.

ವೈಜಿನಾಥ ಬೇರೆ ಕಡೆಯಿಂದ ಶುರು ಮಾಡಿದ. ಅವನ ಅಪ್ಪನ ಮದುವೆ ದಿಬ್ಬಣದ ಲಾರಿ ಈ ಊರ ಮುಂದೆ ಕೆಟ್ಟು ನಿಂತಾಗ, ಇವರು ಮದುಮಗನ ಸಮೇತ ಎಲ್ಲರನ್ನೂ ಊರ ಶಾಲೆಯಲ್ಲಿ ಕೂಡಿಹಾಕಿದ್ದರಂತೆ. ರೊಟ್ಟಿ, ಪುಂಡಿಪಲ್ಲೆ ಹೊಟ್ಟೆ ತುಂಬ ಬಡಿಸಿದರು. ಮುಹೂರ್ತ ಮಾತ್ರ ಮೀರಿತು.

“ಆಯಿ, ಕೆರಿ ಮಾತು ನಾ ಹುಟ್ಟೂಕಿಂತ ಮೊದಲಿಂದು. ನನಗ್ಯಾಕ ಹಚ್ಚತೀರಿ?”

“ಸಾಲಿ ಮಾತೂ ನೀ ಹುಟ್ಟೂಕಿಂತ ಮೊದಲಿಂದೇ. ಅದು ಹ್ಯಾಂಗ ನೆನಪದ?”

೩

ಅಂತ್ಯ ಒಂದು: ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. (ಇದನ್ನು ಟೀವಿಯವರಿಗೆ ಕೊಡಿ ಎಂದು ಭಾಗೀರಥಿಬಾಯಿ ಹೊಡೆದುಹಾಕಿಸಿದಳು.)

ಅಂತ್ಯ ಎರಡು: ವೈಜಿನಾಥ ಕ್ಷಮೆ ಕೇಳುತ್ತಾನೆ. ಬೇಕಾದರೆ ಇನ್ನೆರಡು ಟ್ಯಾಂಕರು ಬರೆದುಕೊಳ್ಳಿ ಸರ್, ಆ ಮಾತೊಂದು ಬೇಡ ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ. ಮುದುಕಿಗೆ ಬೇಕಿದ್ದದ್ದು ಆ ಮಾತೊಂದೇ: ನಿಮ್ಮ ಹಿರಿಯನನ್ನು ನಮ್ಮಜ್ಜ ಇಳಿಸಿದ್ದು ತಪ್ಪು.

ನನಗೆ ರೇಗಿತು. ಅವಳ ಸೊಸೆ ಸುಂದರಬಾಯಿ ಬಾಣಂತಿ. ಮನೆಯಲ್ಲಿ ಹನಿ ನೀರಿಲ್ಲ, ಕೂಸು ಅಳುತ್ತಿದೆ. ಹಟಕ್ಕೂ ಒಂದು ಮಿತಿ ಬೇಡವೇ ಎಂದು ಮುದುಕಿಯನ್ನು ಕೇಳಿದೆ.

“ಬೀದರದಾಗ ನಳ ತಿರುವಿ ಕುಂತು ನನಗ ಮಿತಿ ಹೇಳ್ತೀರೇನ್ರಿ?”

೪

ಕಥೆ ನನ್ನದು ತಾನೇ? ಒಂದು ವಾಕ್ಯ ಬರೆದರೆ ಮುಗಿಯಿತು. ಬರೆದೆ: ಭಾಗೀರಥಿಬಾಯಿಯ ಕೊಡ ಸಾಲಿನ ಕೊನೆಗೆ ಹೋಯಿತು, ಸುಂದರಬಾಯಿಯದು ಮೊದಲಿಗೆ ಬಂತು. ಎಲ್ಲ ಊರ ಒಳ್ಳೆಯದಕ್ಕೇ, ಕೂಸಿನ ಸಲುವಾಗಿಯೇ.

ಡ್ರೈವರ್ ಯಾಕೂಬ ನಳದ ಮೇಲೆ ಕೈ ಇಟ್ಟ. ಸುಂದರಬಾಯಿ ಕೂಸನ್ನು ಒಂದು ತೋಳಿಗೆ ಸರಿಸಿಕೊಂಡು ತನ್ನ ಕೊಡವನ್ನೂ ಬೋರಲು ಹಾಕಿದಳು. ನೇರ ನನ್ನನ್ನೇ ನೋಡಿದಳು.

“ನಮ್ಮತ್ತಿಗ ಇಳಿಸಿ ನನಗ ಕುಂದ್ರಸ್ಲಿಕ್ಕ ನಿಮಗ ಯಾರು ಹೇಳ್ಯಾರ್ರಿ?”

ನಾಚಿಕೆಯಾಯಿತು. ಆ ವಾಕ್ಯವನ್ನು ಅಳಿಸಿದೆ. ಅವಳು ಕೊಡ ಎತ್ತಲಿಲ್ಲ. ಅತ್ತೆ ಸೊಸೆ ವೈಜಿನಾಥನೊಡನೆ ಜಗಳವನ್ನಾದರೂ ಆಡುತ್ತಿದ್ದಾರೆ, ನನ್ನೊಡನೆ ಮಾತೇ ಬಿಟ್ಟಿದ್ದಾರೆ. ಓದುಗರೇ, ಮುಂದಿನದು ನಿಮಗೆ ಬಿಟ್ಟದ್ದು ಎನ್ನುವ ಹಾಗೂ ಇಲ್ಲ, ನೀವೂ ಹೊರಗಿನವರೇ. ಕೂಸು ಇನ್ನೂ ಅಳುತ್ತಿದೆ.