ಒಂಬತ್ತನೆಯ ಮಹಡಿಯ ದ್ವಾದಶಿ

ಮೂರನೆಯ ಸಲವೂ ಪೆಟ್ಟಿಗೆ ಒಲ್ಲೆನೆಂದಿತು. ಕೆಂಪು ದೀಪ ಮಿಣುಕಿ, ಕೀಚೆಂದು ಸದ್ದು ಮಾಡಿ ಸುಮ್ಮನಾಯಿತು. ಇನ್ನು ಹದಿನೈದು ನಿಮಿಷ ತನ್ನನ್ನು ಯಾರೂ ಮುಟ್ಟಬಾರದೆಂದು ಅದರ ಕದದ ಮೇಲೆಯೇ ಅಚ್ಚು ಹಾಕಿದ್ದರು. ಅದೂ ಮಡಿಯಲ್ಲಿದೆ ಎಂದುಕೊಂಡರು ವಿಷ್ಣುತೀರ್ಥರು.

ಅವರು ನಿಜವಾಗಿಯೂ ಮಡಿಯಲ್ಲಿದ್ದರು. ಹೋಟೆಲಿನ ಸ್ನಾನದ ಕೋಣೆಯಲ್ಲಿ ಕಾಲು ಚಾಚಿ ಮಲಗುವಷ್ಟು ದೊಡ್ಡ ತೊಟ್ಟಿಯಿತ್ತು, ಗೋಡೆಯಲ್ಲಿ ಒಂದು ಟೆಲಿಫೋನಿತ್ತು, ಮುಖವನ್ನು ಮೂರು ಪಟ್ಟು ಮಾಡಿ ತೋರಿಸುವ ಕನ್ನಡಿಯಿತ್ತು. ಚೊಂಬು ಮಾತ್ರ ಇರಲಿಲ್ಲ. ಮಂಜುಗಡ್ಡೆ ಇಡುವ ಉಕ್ಕಿನ ಡಬ್ಬಿಯನ್ನು ಹತ್ತು ಸಲ ತೊಳೆದು, ಅದರಲ್ಲೇ ತಲೆಗೆ ನೀರು ಸುರಿದುಕೊಂಡಿದ್ದರು. ಈಗ ಒದ್ದೆ ಪಂಚೆಯಲ್ಲಿ, ಎಲ್ಲಿಂದ ಬರುತ್ತದೆಂದು ತಿಳಿಯದ ತಣ್ಣನೆಯ ಗಾಳಿಗೆ ನಡುಗುತ್ತ ತೆರೆದ ಬೀರುವಿನ ಮುಂದೆ ನಿಂತಿದ್ದರು. ಬೀರುವಿನೊಳಗೆ, ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ, ಆ ಚಿಕ್ಕ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ದೇವರು.

ಎಂಟೂ ಐವತ್ತು. ದ್ವಾದಶಿ ಹತ್ತೂ ಇಪ್ಪತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪೂಜೆ, ನೈವೇದ್ಯ, ಪಾರಣೆ. ನಿನ್ನೆ ಏಕಾದಶಿಯ ಇಡೀ ದಿನ ಗುಟುಕು ನೀರಿಲ್ಲದೆ ಕಳೆದಿತ್ತು. ಹೊತ್ತು ಮೀರಿದರೆ ಉಪವಾಸ ಬರೀ ಹಸಿವಾಗಿ ಉಳಿಯುತ್ತದೆ. ಒಂದು ಉದ್ಧರಣೆ ತೀರ್ಥ ಬಾಯಿಗೆ ಬಿದ್ದರೂ ಸಾಕು, ಪಾರಣೆಯಾಗುತ್ತದೆ. ಆದರೆ ತೀರ್ಥಕ್ಕೆ ಸಾಲಿಗ್ರಾಮ ಬೇಕು. ಐವತ್ತು ವರ್ಷದಲ್ಲಿ ಒಂದು ಪಾರಣೆಯೂ ಹೊತ್ತು ಮೀರಿರಲಿಲ್ಲ.

ಬೀಗದ ಸಂಖ್ಯೆ ನಾಲ್ಕು ಅಂಕೆಯದು. ನಿನ್ನೆ ಸಂಜೆ ಒತ್ತಿದ್ದು ಹೆಂಡತಿ ಜಯಲಕ್ಷ್ಮಿಗೆ ಸಂಬಂಧಪಟ್ಟ ಸಂಖ್ಯೆ, ಅಷ್ಟು ಖಚಿತ. ಒತ್ತುವಾಗ ಆದ ಸಮಾಧಾನವೂ ನೆನಪಿತ್ತು: ಇದನ್ನು ಯಾರೂ ಊಹಿಸಲಾರರು, ನಾನು ಮರೆಯಲಾರೆ. ಸಮಾಧಾನ ಉಳಿದಿತ್ತು, ಸಂಖ್ಯೆ ಹೋಗಿತ್ತು. ಮದುವೆಯಾದ ವರ್ಷ ಒತ್ತಿದ್ದರು. ಅವಳು ನಿವೃತ್ತಳಾದ ವರ್ಷ ಒತ್ತಿದ್ದರು. ತ್ರಿಪ್ಲಿಕೇನಿನ ಹಳೆಯ ಮನೆಯ ನಂಬರಿಗೆ ಮುಂದೆ ಎರಡು ಸೊನ್ನೆ ಸೇರಿಸಿ ಒತ್ತಿದ್ದರು.

ಒಟ್ಟು ಹತ್ತು ಸಾವಿರ ಸಾಧ್ಯತೆಗಳು. ಮೂವತ್ತೈದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರಿಗೆ ಅಷ್ಟು ಹೊಳೆಯದೆ ಇರಲಿಲ್ಲ.

ಜಯಲಕ್ಷ್ಮಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಳು. ಟ್ರಂಕ್ ಕಾಲ್‌ಗಳ ಕಾಲದಲ್ಲಿ ಮೌಂಟ್ ರೋಡಿನ ಈ ಹೋಟೆಲಿಗೆ ದಿನಕ್ಕೆ ನಲವತ್ತು ಕರೆಯಾದರೂ ಜೋಡಿಸುತ್ತಿದ್ದಳು. ಬೊಂಬಾಯಿಯಿಂದ ಒಂಬೈನೂರ ಹನ್ನೊಂದನೆಯ ಕೋಣೆಗೆ, ದಿಲ್ಲಿಯಿಂದ ನಾನೂರ ಆರಕ್ಕೆ. ಬಸ್ಸಿನಲ್ಲಿ ಇದರ ಮುಂದೆ ಹಾದುಹೋಗುವಾಗ ಕಿಟಕಿಗಳನ್ನು ಎಣಿಸಿ, ಅದು ಒಂಬೈನೂರ ಹನ್ನೊಂದಿರಬೇಕು ಎನ್ನುತ್ತಿದ್ದಳು. ಒಂದು ಸಲ ಒಳಗೆ ಹೋಗಿ ನೋಡಬೇಕು ಅನ್ನುವುದು ಅವಳ ಆಸೆ. ಏನಿರುತ್ತದೆ ಒಳಗೆ, ಮಂಚ ಇರುತ್ತದೆ ಎಂದು ಅವರು ನಗುತ್ತಿದ್ದರು. ನಿವೃತ್ತಿಯಾದ ಮೇಲೆ ಅವಳು ಗಟ್ಟಿಯಾಗಿಯೇ ಕೇಳಿದಾಗ, ಹೋಟೆಲಿನಲ್ಲಿದ್ದರೆ ದೇವರ ಪೂಜೆಗೇನು ಮಾಡುವುದು ಎಂದಿದ್ದರು. ಅವಳು ಮತ್ತೆ ಕೇಳಲಿಲ್ಲ. ಅವಳು ಹೋಗಿ ಎಂಟು ತಿಂಗಳಾಗಿತ್ತು.

ಅಣ್ಣಾ ನಗರದ ಮಗನ ಮನೆಯಲ್ಲಿ ಒಂದು ಬೆಳಿಗ್ಗೆ ಸಂಧ್ಯಾವಂದನೆಯ ನಡುವೆ ಅವರಿಗೆ ಆ ಕುತೂಹಲ ಹತ್ತಿಕೊಂಡಿತು: ಒಳಗೆ ಏನಿರಬಹುದು? ಅದು ದುಃಖವಲ್ಲ, ಅದನ್ನು ಅವರೇ ಪರೀಕ್ಷಿಸಿಕೊಂಡಿದ್ದರು. ದುಃಖಕ್ಕೆ ಬೇರೆ ರುಚಿ. ಇದು ಮುಚ್ಚಿದ ಕದದ ಹಿಂದೆ ಏನಿದೆಯೆಂದು ನೋಡುವ ಹುಡುಗಬುದ್ಧಿ. ಕುಂಭಕೋಣದ ಮಠಕ್ಕೆ ಹೋಗುತ್ತೇನೆಂದು ಮಗ ಸತ್ಯಾತ್ಮನಿಗೆ ಹೇಳಿ, ಸಾಲಿಗ್ರಾಮದ ಸಂಪುಟವನ್ನು ಮಡಿಬಟ್ಟೆಯಲ್ಲಿ ಕಟ್ಟಿ, ಆಟೋ ಹಿಡಿದು ಇಲ್ಲಿಗೆ ಬಂದಿದ್ದರು. ಬಂದದ್ದು ಏಕಾದಶಿಯ ದಿನ, ಲೆಕ್ಕ ಹಾಕಿಯೇ. ಉಪವಾಸವಿದ್ದರೆ ಹೋಟೆಲಿನ ಅನ್ನದ ಪ್ರಶ್ನೆಯೇ ಬರುವುದಿಲ್ಲ. ಮೂರು ಭೋಜನಶಾಲೆಗಳಿರುವ ಹೋಟೆಲಿಗೆ ಉಣ್ಣದೆ ಇರಲು ಬಂದ ಗಿರಾಕಿ ತಾನೊಬ್ಬನೇ ಇರಬೇಕು ಎಂದುಕೊಂಡಿದ್ದರು.

ಕೋಣೆ ನೋಡಿದರು. ಮಂಚವಿತ್ತು. ಆರು ದಿಂಬುಗಳಿದ್ದವು. ಪರದೆ ಗುಂಡಿ ಒತ್ತಿದರೆ ಸರಿಯುತ್ತಿತ್ತು; ನಾಲ್ಕು ಸಲ ಸರಿಸಿ ನೋಡಿದರು. ಕಿಟಕಿ ತೆರೆಯುವಂಥದ್ದಲ್ಲ. ಗಾಜಿನ ಕೆಳಗೆ ಮೌಂಟ್ ರೋಡು ಸದ್ದಿಲ್ಲದೆ ಹರಿಯುತ್ತಿತ್ತು. ಆಮೇಲೆ ದೇವರನ್ನು ಎಲ್ಲಿಡುವುದೆಂಬ ಯೋಚನೆ ಬಂತು. ಮೇಜಿನ ಮೇಲೆ ಯಾರು ಏನು ತಿಂದಿದ್ದರೋ. ತಣ್ಣಗಿನ ಪೆಟ್ಟಿಗೆಯ ತುಂಬ ಬಾಟಲಿಗಳು. ಬೀರುವಿನ ತಳದಲ್ಲಿ ಚಪ್ಪಲಿ. ಇಡೀ ಕೋಣೆಯಲ್ಲಿ ಯಾರ ಉಸಿರೂ ತಾಗಿರದಂಥ ಜಾಗ ಆ ಕಬ್ಬಿಣದ ಪೆಟ್ಟಿಗೆಯೊಂದೇ. ಒಳಗೆ ಗರ್ಭಗುಡಿಯಲ್ಲಿರುವಷ್ಟು ಕತ್ತಲು. ಬೀಗವೂ ಉಂಟು. ತಮ್ಮ ಜಾಣತನಕ್ಕೆ ತಾವೇ ತಲೆದೂಗಿ ದೇವರನ್ನು ಅದರೊಳಗಿಟ್ಟು ಕದ ಹಾಕಿದ್ದರು.

ಒಂಬತ್ತೂ ಐದು. ಇನ್ನು ಮೂರು ಸಲ ಪ್ರಯತ್ನಿಸಬಹುದು. ಈ ಸಲ ಊಹೆ ಬೇಡವೆಂದು ಮಗನಿಗೆ ಫೋನು ಮಾಡಿದರು.

"ಎಲ್ಲಿದ್ದೀರಪ್ಪಾ? ಪಾರಣೆ ಆಯಿತಾ?"

"ಆಗ್ತಾ ಇದೆ."

"ಹತ್ತೂ ಇಪ್ಪತ್ತಕ್ಕೆ ಮುಗೀತದೆ, ಪಾತ್ತುಕೊಳ್ಳಿ, ತಡ ಮಾಡಬೇಡಿ. ಅದೇನು ಸೌಂಡು, ಏಸಿನಾ?"

"ಮಠದಲ್ಲಿ ಹೊಸದಾಗಿ ಹಾಕಿಸಿದ್ದಾರೆ."

"ಪರವಾಗಿಲ್ಲವೇ."

"ಸತ್ಯಾ, ನಿಮ್ಮಮ್ಮ ಹುಟ್ಟಿದ ತಾರೀಖು ಏನು?"

"ಯಾಕೆ?"

"ಇಲ್ಲಿ ಕೇಳ್ತಾ ಇದಾರೆ. ಸಂಕಲ್ಪಕ್ಕೆ."

"ಸಂಕಲ್ಪಕ್ಕೆ ನಕ್ಷತ್ರ ಅಲ್ಲವಾ ಬೇಕಾದ್ದು? ಇಂಗ್ಲಿಷ್ ಡೇಟ್ ಇಟ್ಟುಕೊಂಡು ಆಚಾರ್ರು ಏನು ಮಾಡ್ತಾರೆ?"

ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. ನಕ್ಷತ್ರ ಗೊತ್ತಿತ್ತು, ತಿಥಿ ಗೊತ್ತಿತ್ತು, ಗೋತ್ರ ಎರಡೂ ಕಡೆಯದೂ ಗೊತ್ತಿತ್ತು. ಪೆಟ್ಟಿಗೆಗೆ ಅವು ಬೇಕಿರಲಿಲ್ಲ. ಮಗ ಎರಡು ತಾರೀಖು ಹೇಳಿದ. ಶಾಲೆಯ ಸರ್ಟಿಫಿಕೇಟಿನಲ್ಲಿ ಜೂನ್ ಹದಿನೈದು. ನಿಜವಾದದ್ದು ಆಗಸ್ಟ್ ಇಪ್ಪತ್ತೆರಡು. ಎರಡನೆಯದನ್ನು ಅಮ್ಮ ತನಗೆ ಮಾತ್ರ ಹೇಳಿದ್ದಳೆಂದೂ, ಪ್ರತಿ ವರ್ಷ ಆ ದಿನ ತಾನು ಅವಳಿಗೆ ಬೆಸೆಂಟ್ ನಗರದ ಬೀಚಿನಲ್ಲಿ ಐಸ್‌ಕ್ರೀಂ ಕೊಡಿಸುತ್ತಿದ್ದೆನೆಂದೂ ಹೇಳಿದ. ವಿಷ್ಣುತೀರ್ಥರಿಗೆ ಅದು ಹೊಸ ಸುದ್ದಿ. ಯಾವ ಐಸ್‌ಕ್ರೀಂ ಎಂದು ಕೇಳಬೇಕೆನಿಸಿತು.

"ಮತ್ತೆ, ಅವಳು ಹೋದ ತಾರೀಖು?"

"ಅಪ್ಪಾ, ಪಕ್ಕದಲ್ಲಿ ಇದ್ದದ್ದು ನೀವು."

"ಕಾರ್ತೀಕ ಬಹುಳ ಷಷ್ಠಿ. ಗೊತ್ತು. ತಾರೀಖು ಕೇಳಿದೆ."

"ನವೆಂಬರ್ ಇಪ್ಪತ್ತೊಂದು" ಎಂದು ಮಗ ಫೋನಿಟ್ಟ.

ಮೂರನ್ನೂ ಒತ್ತಿದರು. ಹುಟ್ಟಿದ ಸುಳ್ಳು ತಾರೀಖು, ಹುಟ್ಟಿದ ನಿಜ ತಾರೀಖು, ಹೋದ ತಾರೀಖು. ಪೆಟ್ಟಿಗೆಗೆ ಮೂರೂ ಒಂದೇ. ಕೆಂಪು ದೀಪ ಮಿಣುಕಿತು.

ಒಂಬತ್ತೂ ಇಪ್ಪತ್ತೈದಕ್ಕೆ ಕೆಳಗೆ ಫೋನು ಮಾಡಿದರು. ಯಾರನ್ನಾದರೂ ಕಳಿಸುತ್ತೇವೆ ಎಂದರು. ಹತ್ತಕ್ಕೆ ಹತ್ತು ನಿಮಿಷವಿದೆಯೆನ್ನುವಾಗ ಬಾಗಿಲ ಗಂಟೆ ಬಾರಿಸಿತು. ಇಬ್ಬರು ಬಂದಿದ್ದರು. ಕಪ್ಪು ಕೋಟಿನ ಹೆಂಗಸು, ಎದೆಯ ಪಟ್ಟಿಯ ಮೇಲೆ ಮೌನ ಎಂದು ಹೆಸರು, ಡ್ಯೂಟಿ ಮ್ಯಾನೇಜರು. ಅವಳ ಹಿಂದೆ ನರೆತ ಮೀಸೆಯ ಗಂಗಾಧರ, ಬೀಗದ ಯಂತ್ರಗಳ ಉಸ್ತುವಾರಿಯವನು. ಒದ್ದೆ ಪಂಚೆ, ಮೈತುಂಬ ನಾಮ ಮುದ್ರೆಗಳನ್ನು ನೋಡಿ ಇಬ್ಬರೂ ಬಾಗಿಲಲ್ಲೇ ನಿಂತರು.

ವಿಷ್ಣುತೀರ್ಥರು ತಮಿಳಿನಲ್ಲಿ ವಿಷಯ ಹೇಳಿದರು. ಅವಳು ಕೈಯಲ್ಲಿದ್ದ ಫಾರಮ್ಮಿನಲ್ಲಿ ಅವರ ಹೆಸರು ಓದಿ ಕನ್ನಡಕ್ಕೆ ಹೊರಳಿದಳು.

"ಕನ್ನಡದೋರಾ ಸರ್? ನಂದು ಮಂಡ್ಯ."

"ನಾವು ಇಲ್ಲಿಯವರೇ. ಬಂದು ನಾಲ್ಕು ತಲೆಮಾರು ಆಯಿತು."

"ಅದಕ್ಕೇ. ನಿಮ್ ಕನ್ನಡ ಕೇಳಿದ್ರೆ ತಮಿಳು ಕೇಳ್ದಂಗೆ ಐತೆ."

"ಅಡುಗೆಮನೆಯಲ್ಲಿ ಮಾತ್ರ ಆಡ್ತಾ ಇದ್ದದ್ದು" ಎಂದರು. ಹೇಳಿದ ಮೇಲೆ, ಅಡುಗೆಮನೆಯಲ್ಲಿದ್ದವಳು ಒಬ್ಬಳೇ ಎಂಬುದು ಹೊಳೆಯಿತು. ಮೊಮ್ಮಗಳು ಶ್ರೀಪ್ರಿಯಾ ಅವರ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

ಪೆಟ್ಟಿಗೆ ತೆರೆಯುವ ಮೊದಲು ಒಳಗಿರುವುದನ್ನು ಬರೆದುಕೊಳ್ಳಬೇಕು, ತೆರೆದ ಮೇಲೆ ತಾಳೆ ನೋಡಬೇಕು, ಅದು ನಿಯಮ ಎಂದಳು ಮೌನ.

"ಏನಿದೆ ಸರ್ ಒಳಗೆ?"

"ದೇವರು."

ಪೆನ್ನು ನಿಂತಿತು.

"ಸಾಲಿಗ್ರಾಮ. ಮೂರು. ಬೆಳ್ಳಿ ಸಂಪುಟದಲ್ಲಿದೆ. ತೆರೀರಿ, ಆದರೆ ಮುಟ್ಟಬೇಡಿ. ನಾನೇ ತಗೋತೇನೆ."

ಅದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುವುದೋ ಅವಳಿಗೆ ತಿಳಿಯಲಿಲ್ಲ. ಕಲ್ಲು ಎಂದು ಬರೆಯಿರಿ ಮೇಡಂ, ಸರಿಯಾಗುತ್ತದೆ ಎಂದ ಗಂಗಾಧರ ತಮಿಳಿನಲ್ಲಿ. ಅವಳು ಹಾಗೇ ಬರೆದಳು: ಕಪ್ಪು ಕಲ್ಲು, ಮೂರು. ಬರೆದದ್ದನ್ನು ತಿರುಗಿಸಿ ತೋರಿಸಿದಳು. ವಿಷ್ಣುತೀರ್ಥರು ಓದಿದರು. ತಪ್ಪೇನೂ ಇರಲಿಲ್ಲ.

"ನಮ್ಮಜ್ಜೀನೂ ಹಿಂಗೇ ಸರ್, ಮಡಿ. ಯಾರ್ನೂ ಮುಟ್ಟುಸ್ಕೊಳ್ತಿರ್ಲಿಲ್ಲ. ಸತ್ತ್ ಮ್ಯಾಲೆ ನೋಡುದ್ರೆ ದಿಂಬಿನ್ ಕೆಳ್ಗೆ ಬೇಕರಿ ಬಿಸ್ಕತ್ತು."

ಅವಳು ನಕ್ಕಳು. ಅವರೂ ನಗಲು ನೋಡಿದರು. ಐಸ್‌ಕ್ರೀಂ ನೆನಪಾಗಿ ಅದು ಅರ್ಧಕ್ಕೆ ನಿಂತಿತು.

ಗಂಗಾಧರ ಪೆಟ್ಟಿಗೆಯ ಮೂತಿಗೆ ಒಂದು ವಯರು ಸಿಕ್ಕಿಸಿ, ಅಂಗೈಯಷ್ಟಗಲದ ಯಂತ್ರದಲ್ಲಿ ಏನೋ ಒತ್ತಿದ. ಕದ ತಾನಾಗಿ ಸರಿಯಿತು. ಒಳಗೆ ಸಂಪುಟ ಇಟ್ಟಲ್ಲೇ ಇತ್ತು. ವಿಷ್ಣುತೀರ್ಥರು ಎರಡೂ ಕೈ ಚಾಚಿ ಅದನ್ನೆತ್ತಿ ಎದೆಗೊತ್ತಿಕೊಂಡರು. ಬೆಳ್ಳಿ ತಣ್ಣಗಿತ್ತು. ಹತ್ತಾಗಿತ್ತು. ಇನ್ನೂ ಇಪ್ಪತ್ತು ನಿಮಿಷವಿತ್ತು.

ಅಲ್ಲಿಗೆ ಅವರು ಸುಮ್ಮನಿರಬಹುದಿತ್ತು. ಕುತೂಹಲ ಬಿಡಲಿಲ್ಲ.

"ನಾನು ಹಾಕಿದ್ದ ನಂಬರು ಯಾವುದು? ನಿಮ್ಮ ಮಷೀನಿನಲ್ಲಿ ಕಾಣುತ್ತದೆಯೆ?"

ಗಂಗಾಧರ ಯಂತ್ರ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಮೌನಳಿಗೆ ಹೇಳಿದ, ಅವರಿಗಲ್ಲ. ಸಾರ್ ನಂಬರು ಹಾಕಿಯೇ ಇಲ್ಲ. ನಿನ್ನೆ ಆರೂ ಹನ್ನೆರಡಕ್ಕೆ ಬೀಗದ ಗುಂಡಿ ಒತ್ತಿದ್ದಾರೆ, ಅಷ್ಟೆ. ಹೊಸ ನಂಬರು ಕೊಡದಿದ್ದರೆ ಅದು ಹಳೆಯ ನಂಬರಿನಲ್ಲೇ ಮುಚ್ಚಿಕೊಳ್ಳುತ್ತದೆ, ಮುಂಚೆ ಇದ್ದ ಗಿರಾಕಿಯ ನಂಬರಿನಲ್ಲಿ.

"ನಾನು ಹಾಕಿದೆ" ಎಂದರು ವಿಷ್ಣುತೀರ್ಥರು.

"ಮಷೀನ್ಲೆ ಇಲ್ಲೈಯೇ, ಸಾರ್."

"ನಾಲ್ಕು ಅಂಕೆ. ನನಗೆ ಚೆನ್ನಾಗಿ ನೆನಪಿದೆ."

ಯಾವ ನಾಲ್ಕು ಎಂದು ಇಬ್ಬರೂ ಕೇಳಲಿಲ್ಲ. ಅವನು ವಯರು ಸುತ್ತಿಕೊಂಡ. ಅವಳು ಫಾರಮ್ಮು ನೋಡಿದಳು. ಹಿಂದಿನ ಗಿರಾಕಿ ಯಾರು ಎಂದು ಅವರು ಕೇಳಿದರು. ಅದನ್ನು ಹೇಳುವ ಹಾಗಿಲ್ಲ ಎಂದಳು. ಯಾರೋ ಒಬ್ಬನ ಮಗಳ ಹುಟ್ಟಿದ ದಿನವೋ, ಬೈಕಿನ ನಂಬರೋ, ರಾತ್ರಿಯಿಡೀ ಅದು ದೇವರನ್ನು ಕಾದಿತ್ತು. ತಾವು ಬೆಳಿಗ್ಗೆಯಿಂದ ಜಯಲಕ್ಷ್ಮಿಯನ್ನು ಹಿಂದೆ ಮುಂದೆ ತಿರುಗಿಸಿ ಒತ್ತುತ್ತಿದ್ದದ್ದು ಆ ಅಪರಿಚಿತನ ಬಾಗಿಲಿಗೆ.

ಇನ್ನು ನೀವು ಹೋಗಬಹುದು, ನನಗೆ ಪೂಜೆಯಿದೆ ಎಂದರು.

ಹೋಗುವ ಹಾಗಿಲ್ಲ ಎಂದಳು ಮೌನ. ತೆರೆದ ಮೇಲೆ ಗಿರಾಕಿ ಹೊಸ ನಂಬರು ಹಾಕಬೇಕು, ಒಂದು ಸಲ ಮುಚ್ಚಿ ತೆರೆದು ತೋರಿಸಬೇಕು, ರುಜು ಹಾಕಬೇಕು. ಹೋದ ತಿಂಗಳು ಯಾರೋ ಹಾಗೇ ಬಿಟ್ಟು ದೊಡ್ಡ ಗಲಾಟೆಯಾಗಿ, ಅಂದಿನಿಂದ ಈ ನಿಯಮ.

"ನನಗೆ ಇನ್ನು ಆ ಪೆಟ್ಟಿಗೆ ಬೇಡ."

"ಬ್ಯಾಡ ಅಂದ್ರೂ ಹಾಕ್ಲೇಬೇಕು ಸರ್. ನಾಕ್ ನಂಬರ್ ಅಷ್ಟೇ. ಮನೆಯೋರ್ದು ಯಾವ್ದಾದ್ರೂ ಹಾಕ್ಬಿಡಿ. ಎಲ್ರೂ ಅದ್ನೇ ಹಾಕದು."

ಗಿರಾಕಿ ನಂಬರು ಒತ್ತುವಾಗ ನೋಡಬಾರದೆಂಬುದೂ ನಿಯಮವಿರಬೇಕು. ಗಂಗಾಧರ ಒಂದು ಗುಂಡಿ ಒತ್ತಿ ದಾರಿ ತೋರಿಸಿ, ಹಿಂದಕ್ಕೆ ಸರಿದು ಕಿಟಕಿಯ ಕಡೆ ಮುಖ ಮಾಡಿ ನಿಂತ. ಮೌನಳೂ ತಿರುಗಿ ನಿಂತಳು. ಕೈಕಟ್ಟಿ, ತಲೆ ಸ್ವಲ್ಪ ತಗ್ಗಿಸಿ, ನೈವೇದ್ಯದ ಹೊತ್ತಿನಲ್ಲಿ ದೇವರ ಮೇಲೆ ಕಣ್ಣು ಬೀಳಬಾರದೆಂದು ಮನೆಯವರು ನಿಲ್ಲುವ ಹಾಗೆಯೇ ಇಬ್ಬರೂ ನಿಂತಿದ್ದರು.

ಖಾಲಿ ಪೆಟ್ಟಿಗೆಯ ಹಣೆಯ ಮೇಲೆ ನಾಲ್ಕು ಹಸಿರು ಗೀಟುಗಳು ಮಿನುಗುತ್ತಿದ್ದವು.

ಎಡಗೈಯಲ್ಲಿ ಸಂಪುಟವನ್ನು ಎದೆಗವಚಿಕೊಂಡು ವಿಷ್ಣುತೀರ್ಥರು ಬಲಗೈ ಎತ್ತಿದರು. ಯಾವುದಾದರೂ ಆದೀತು. ಹತ್ತು ಸಾವಿರದಲ್ಲಿ ಒಂದು. ಮುಂದಾಲೋಚನೆಯಿಲ್ಲದೆ ಒಂದು ಸಂಖ್ಯೆ ಆರಿಸುವುದು ಹೇಗೆಂದು ಎಷ್ಟು ತರಗತಿಗಳಿಗೆ ಹೇಳಿಕೊಟ್ಟಿದ್ದರು. ಬೆರಳು ಒಂದರ ಮೇಲೆ ಹೋಯಿತು. ಒಂದು ಅವಳ ಯಾವುದಕ್ಕೆ ಸೇರಿದ್ದು ಎಂದು ತಡೆಯಿತು. ಎರಡರ ಮೇಲೆ ಹೋಯಿತು. ಹತ್ತೂ ಎಂಟಾಗಿತ್ತು. ಇವರು ಹೋಗದೆ ಪೂಜೆಯಿಲ್ಲ, ನಂಬರಿಲ್ಲದೆ ಇವರು ಹೋಗುವುದಿಲ್ಲ. ಇನ್ನೂ ಒಣಗದ ಪಂಚೆ ಕಾಲಿಗೆ ತಣ್ಣಗೆ ಅಂಟಿಕೊಂಡಿತ್ತು.

"ಆಯ್ತಾ ಸರ್?" ಎಂದಳು ಮೌನ, ತಿರುಗದೆ.

"ಒಂದು ನಿಮಿಷ."

ಕಾದು ಸಾಕಾಗಿ ಗೀಟುಗಳು ಆರಿದವು. ಅವರು ಗಂಗಾಧರ ತೋರಿಸಿದ ಗುಂಡಿ ಒತ್ತಿದರು. ನಾಲ್ಕೂ ಮತ್ತೆ ಹೊತ್ತಿಕೊಂಡವು.