ಉಡಿಯಲ್ಲಿ ಫ್ಯೂಜು

ಬೆಳಿಗ್ಗೆ ಪಕ್ಕದ ಮನೆಯ ಪರಸಪ್ಪ ಬಂದು ನಟ್ಟು ಬಿಚ್ಚುವ ಪಾನಾ ಕೇಳಿದ. "ಮೋಟಾರಿನ ಬೆಲ್ಟು ಹರದೈತ್ರಿ ಅವ್ವಾರ. ಬಾವ್ಯಾಗ ಇಳದು ಹೊಸಾದು ಹಾಕ್ತೇನಿ" ಎಂದ. ಕೊಟ್ಟು ಕಳಿಸಿದೆ. ಅವನು ಓಣಿ ದಾಟಿರಬೇಕು ಅಷ್ಟೇ, ನನ್ನ ಸೊಸೆ ನಿರ್ಮಲಾ ಒಳಗಿನಿಂದ ಓಡಿ ಬಂದಳು.

"ಅತ್ತಿ, ಪರಸಪ್ಪ ಕಾಕಾ ಹೋಗಿಬಿಟ್ರೇನು?"

ಹೋದನೆಂದು ಹೇಳಿ, ಯಾಕೆಂದು ಕೇಳಿದೆ.

ನಮ್ಮ ಸಾಂಬ್ರಾಣಿ ಊರಿನಲ್ಲಿ ಈಗ ಮೋಟಾರು ಚಾಲೂ ಮಾಡಲೆಂದು ಹೊಲಕ್ಕೆ ಹೋಗುವವರು ಕಡಿಮೆ. ಬಾವಿಯ ಮೇಲೆ ಒಂದು ಡಬ್ಬಿ, ಡಬ್ಬಿಯೊಳಗೆ ಒಂದು ಸಿಮ್ಮು. ಮನೆಯಲ್ಲೇ ಕೂತು ಮಿಸ್ ಕಾಲ್ ಕೊಟ್ಟರೆ ಮೋಟಾರು ತಿರುಗುತ್ತದೆ, ಇನ್ನೊಮ್ಮೆ ಕೊಟ್ಟರೆ ನಿಲ್ಲುತ್ತದೆ. ಡಬ್ಬಿ ಜೋಡಿಸಿಕೊಡುವವನು ಹಳಿಯಾಳದ ಪೀರಸಾಬ ಮಿಸ್ತ್ರಿ. ಡಬ್ಬಿಗೆ ಬುದ್ಧಿ ಕೊಡುವ ಪ್ರೋಗ್ರಾಮು ನಿರ್ಮಲಾ ಬರೆದದ್ದು. ಅದನ್ನವಳು ಮಾರಲಿಲ್ಲ. ಯಾರು ಬೇಕಾದರೂ ಓದಲಿ, ತಿದ್ದಲಿ, ತಮ್ಮ ಡಬ್ಬಿಗೆ ಹಾಕಿಕೊಳ್ಳಲಿ ಎಂದು ನೆಟ್ಟಿನಲ್ಲಿ ತೆರೆದಿಟ್ಟಳು. ಸಾಂಗಲಿ, ಅನಂತಪುರದ ಕಡೆಯ ರೈತರೂ ಹಾಕಿಕೊಂಡಿದ್ದಾರಂತೆ.

ಆ ಸಾಂಗಲಿ ಕಡೆಯ ಒಬ್ಬ ಹೆಣ್ಣುಮಗಳು ಅವತ್ತು ನಿರ್ಮಲಾ ಒಬ್ಬಳಿಗೇ ಗುಟ್ಟಾಗಿ ಬರೆದಿದ್ದಳು. ಯಾರೂ ಫೋನು ಮಾಡದೆ ಅವರ ಮೋಟಾರು ತಿರುಗಿತ್ತಂತೆ. ಪ್ರೋಗ್ರಾಮು ಓದಿ ಓದಿ ಅವಳು ತೂತು ಹಿಡಿದಿದ್ದಳು. ಕರೆಂಟು ಹೋಗಿ ಬಂದಾಗ ಡಬ್ಬಿ ನಿದ್ದೆಯಿಂದ ಎದ್ದ ಹಾಗೆ ಏಳುತ್ತದೆ. ಯಜಮಾನನ ನಂಬರು ಅದಕ್ಕೆ ನೆನಪಾಗುವ ಮೊದಲೇ ಯಾವುದಾದರೂ ಫೋನು ಬಂದರೆ, ಅದೇ ಯಜಮಾನನದೆಂದು ತಿಳಿದು ಮೋಟಾರು ಚಾಲೂ ಮಾಡುತ್ತದೆ. ಸಾಲ ಬೇಕೇನ್ರಿ ಎಂದು ಕೇಳುವ ಕಂಪನಿಯ ಫೋನಾದರೂ ಸರಿ.

"ಹಂಗಾದ್ರ ಊರಿಗೆಲ್ಲ ಹೇಳಿಬಿಡವಾ" ಎಂದೆ.

"ಹೇಳಿದ್ರ ಕಳ್ಳಗ ಬಾಗಿಲಾ ತೋರಿಸಿದಂಗ ಆಕ್ಕೈತ್ರಿ. ಬಾಜೂ ಹೊಲದ ಈಶಪ್ಪ ಕಾಕಾಗ ಗೊತ್ತಾತಂದ್ರ ಜಗಳದ ಸಿಟ್ಟಿಗೆ ಫೋನ ಮಾಡಿ ಮಾಡಿ ಪರಸಪ್ಪ ಕಾಕಾನ ಬಾವಿ ಬತ್ತಿಸಿ ಮೋಟಾರು ಸುಟ್ಟ ಬಿಡ್ತಾರು. ಅಂಥಾ ಈಶಪ್ಪಗಳು ಎಲ್ಲಾ ಊರಾಗೂ ಅದಾರು. ತೂತು ಮುಚ್ಚೂತನಾ ಬಾಯಿ ಬಿಡೂದಿಲ್ಲಂತ ಆಕಿಗೆ ಮಾತು ಕೊಟ್ಟೇನಿ. ಈಗ ತಿದ್ದಾಕ ಕುಂದರ್ತೇನಿ. ಪೀರಸಾಬ ಬಂದು ಒಂದೊಂದ ಡಬ್ಬಿಗೆ ಹಾಕ್ತಾನು."

"ಅಲ್ಲೀತನಾ ಪರಸಪ್ಪನ ಕೈ?"

"ಫ್ಯೂಜು ಕಿತ್ತು ಕೆಲಸಾ ಮಾಡ್ರಿ ಅನ್ನಬಹುದು. ಯಾಕಂತ ಹೇಳೂ ಹಂಗಿಲ್ಲ."

ಹಾಗೆಯೇ ರೈತರ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದಳು. ಒಬ್ಬರು ಕೈಮುಗಿದ ಚಿತ್ರ ಕಳಿಸಿದರು, ಇನ್ನೊಬ್ಬರು ಶುಭೋದಯವೆಂದು ಗುಲಾಬಿ ಹೂವು. ಈಶಪ್ಪ ಮಾತ್ರ ಓದಿದ್ದ. "ಫ್ಯೂಜು ನಾವ ಕೀಳೂದಾದ್ರ ನಿಮ್ಮ ಡಬ್ಬಿ ಯಾಕ ಬೇಕಿತ್ರಿ?" ಎಂದು ಕೇಳಿದ್ದ. ಪರಸಪ್ಪನಿಗೆ ಫೋನು ಹಚ್ಚಿದರೆ ಅವನ ಹೆಂಡತಿ ಮಾಲವ್ವ ಎತ್ತಿದಳು. "ಫೋನು ಮನ್ಯಾಗ ಬಿಟ್ಟು ಹೋಗ್ಯಾರಲ್ರಿ."

ನಾನು ಚಪ್ಪಲಿ ಮೆಟ್ಟಿದೆ.

ಕಬ್ಬಿನ ನಡುವಿನ ದಾರಿ ಅವತ್ತು ಮುಗಿಯಲೇ ಒಲ್ಲದು. ನಮ್ಮ ಮಾವನವರು ಬಾವಿಗೆ ಇಳಿಯುವಾಗ ಫ್ಯೂಜು ಕಿತ್ತು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಇಳಿಯುತ್ತಿದ್ದರು. "ಹೇಂತಿ ಮ್ಯಾಲೂ ನಂಬಿಗಿ ಇಲ್ಲ ಇವರಿಗೆ" ಎಂದು ಅತ್ತೆ ನಗುತ್ತಿದ್ದರು. ಊರಿಗೆಲ್ಲ ಅದೇ ರೂಢಿಯಿತ್ತು. ಡಬ್ಬಿ ಬಂತು, ರೂಢಿ ಹೋಯಿತು. ನಾನು ಮಿಸ್ ಕಾಲ್ ಕೊಡದೆ ಅದು ಹೇಗೆ ತಿರುಗೀತು ಎನ್ನುವ ಧೈರ್ಯ ಎಲ್ಲರಿಗೂ. ನನ್ನ ತವರು ಮಳಗಿಯಲ್ಲಿ ಅಣ್ಣ ಶರಣಬಸವ ಮೇವು ಕತ್ತರಿಸುವ ಮಷೀನಿನೊಳಗೆ ಕೈ ಹಾಕಿ ಕಸ ತೆಗೆಯುತ್ತಿದ್ದಾಗ, ಬಂದ ಬೀಗರೊಬ್ಬರು ಉಪಕಾರವೆಂದು ಬಟನ್ ಒತ್ತಿದ್ದರು. ಅಣ್ಣ ಈಗಲೂ ಎಡಗೈಯಲ್ಲಿ ಉಣ್ಣುತ್ತಾನೆ.

ಪರಸಪ್ಪ ಆಗಲೇ ಇಳಿದಿದ್ದ. ಬಾವಿಯೊಳಗಿನ ಕಲ್ಲುಕಟ್ಟೆಯ ಮೇಲೆ ಮೋಟಾರು, ಪಂಪು. ಎರಡರ ನಡುವಿನ ಹೊಸ ಬೆಲ್ಟಿಗೆ ಅವನ ಎರಡೂ ಕೈ.

"ಪರಸಪ್ಪಾ, ಫ್ಯೂಜು ಕಿತ್ತೀಯೇನು?"

"ಕರೆಂಟ ಇಲ್ರಿ ಅವ್ವಾರ!"

"ಬಂದ್ರ?"

"ಬರಲಿ. ನನ್ನ ಫೋನು ಮನ್ಯಾಗ ಐತಿ. ಮಿಸ್ ಕಾಲ್ ದೆವ್ವ ಕೊಡ್ತೈತೇನ್ರಿ?"

"ಮ್ಯಾಲ ಬಾ, ಕಿತ್ತು ಇಳಿ."

"ಯಾಕಂತ ಹೇಳ್ರಿ, ಬರ್ತೇನಿ. ಸುಮ್ಮನ ಹತ್ತಿ ಇಳಿಯಾಕ ನಾ ಏನ್ ಮಂಗ್ಯಾ ಏನ್ರಿ?"

ಆಚೆಯ ಬದುವಿನ ಮೇಲೆ ಈಶಪ್ಪ ಹುಲ್ಲು ಕೊಯ್ಯುತ್ತಿದ್ದ. ಬದುವಿನ ಜಗಳವಾದಾಗಿನಿಂದ ಇವರಿಬ್ಬರೂ ನೇರ ಮಾತಾಡುವುದಿಲ್ಲ. ಹೇಳುವುದನ್ನು ಮೂರನೆಯವರಿಗೆ ಹೇಳಿ ಒಬ್ಬರಿಗೊಬ್ಬರು ಕೇಳಿಸುತ್ತಾರೆ.

"ಅವ್ವಾರ, ಸೊಸಿ ಮಾಡಿದ ಡಬ್ಬಿ ಮ್ಯಾಲ ನಿಮಗ ನಂಬಿಗಿ ಇಲ್ಲೇನ್ರಿ? ಇಲ್ಲಾ, ಇಳದಾಂವಗ ಧೈರ್ಯ ಇಲ್ಲೋ?" ಎಂದು ನಕ್ಕ. ನಕ್ಕವನು ಕುಡುಗೋಲು ನಿಲ್ಲಿಸಿ ಕಿವಿ ಇತ್ತ ಇಟ್ಟಿದ್ದ.

ಕಾರಣ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಂದೇ ಮಾತು ಹೇಳಿದ್ದರೆ ಪರಸಪ್ಪ ಮೇಲೆ ಬರುತ್ತಿದ್ದ. ಆ ಮಾತು ಈಶಪ್ಪನ ಮನೆಗೂ ಹೋಗುತ್ತಿತ್ತು. ನಾನು ಬಾವಿಯ ಮೇಲಿನ ಸ್ಟಾರ್ಟರಿನ ಗೂಡಿಗೆ ಹೋಗಿ, ಬಿಳಿ ಪಿಂಗಾಣಿಯ ಫ್ಯೂಜುಗಳನ್ನು ಮೂರೂ ಕಿತ್ತು ಉಡಿಗೆ ಹಾಕಿಕೊಂಡೆ. ಬಂದು ಬಾವಿಯ ದಂಡೆಗೆ ಕೂತೆ.

ಕೆಳಗೆ ಪರಸಪ್ಪ ಗೊಣಗಿದ. "ವಯಸ್ಸಾತು ಅವ್ವಾರಿಗೆ."

ಅನ್ನಲಿ. ನನ್ನ ಕಣ್ಣು ಡಬ್ಬಿಯ ಮೇಲೆಯೇ. ಡಬ್ಬಿಗೂ ಸ್ಟಾರ್ಟರಿಗೂ ಕರೆಂಟು ಫ್ಯೂಜಿಗಿಂತ ಮೊದಲಿನ ತಂತಿಯಿಂದ ಬರುತ್ತದೆ, ಡಬ್ಬಿ ಯಾವಾಗ ಬೇಕಾದರೂ ಏಳಬಹುದು. ಕಬ್ಬಿನ ಗರಿ ಸರಿದಾಡಿದರೂ ಬೆಚ್ಚುತ್ತಿದ್ದೆ. ಉಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹಸಿರು ದೀಪ ಹತ್ತಿತು. ಕರೆಂಟು ಬಂತು. ಅದರ ಬೆನ್ನಿಗೇ ಕೆಂಪು ದೀಪ ಮಿನುಗಿತು, ಯಾವುದೋ ಫೋನು. ಸ್ಟಾರ್ಟರಿನೊಳಗೆ ಖಟ್ ಎಂದಿತು.

ಮೋಟಾರು ಮಿಸುಕಲಿಲ್ಲ. ಬಾವಿಯೊಳಗಿನ ಪಾನಾದ ಸಪ್ಪಳ ಮಾತ್ರ ನಿಂತುಬಿಟ್ಟಿತು.

ಆ ಖಟ್ ಏನೆಂದು ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಪರಸಪ್ಪ ಹತ್ತಿ ಬಂದ. ಡಬ್ಬಿ ನೋಡಿದ, ನನ್ನ ಉಡಿ ನೋಡಿದ.

"ಯಾರು ಮಾಡಿದ್ರಿ ಫೋನು?" ದನಿ ಇಳಿದಿತ್ತು.

"ನನಗೂ ಗೊತ್ತಿಲ್ಲೋ."

"ಹಿಂಗ ಆಕ್ಕೈತಂತ ನಿಮಗ ಗೊತ್ತಿತ್ತು, ಹೌದಲ್ರಿ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳಲಿಲ್ಲ."

"ಈಗೂ ಹೇಳೂದಿಲ್ಲ. ಎಲ್ಲಾರ ಡಬ್ಬಿ ನೆಟ್ಟಗಾದ ದಿನ ನಿರ್ಮಲಾ ತಾನ ಬರದು ಹಾಕ್ತಾಳು. ತಪ್ಪು ನಂದಿತ್ತು, ಇಂಥಾದಿತ್ತು ಅಂತ."

"ನನ್ನ ಕೈಗಿಂತ ದೊಡ್ಡದೇನ್ರಿ ನಿಮ್ಮ ಗುಟ್ಟು?"

"ನಿನ್ನ ಕೈ ನನ್ನ ಉಡ್ಯಾಗ ಇತ್ತೋ ತಮ್ಮಾ."

ಅವನಿಗೆ ಸಮಾಧಾನವಾಗಲಿಲ್ಲ. ಗ್ರೀಸು ಮೆತ್ತಿದ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡ. ಬೇರೆ ಯಾರೋ ಫೋನು ಮಾಡಿದರೂ ಮೋಟಾರು ತಿರುಗುತ್ತದೆ ಎಂಬಷ್ಟು ಈಗ ಅವನಿಗೂ ತಿಳಿದುಹೋಗಿತ್ತು. ಅವನ ಕಣ್ಣು ಬದುವಿನಾಚೆ ಹೋಯಿತು. ಇವನೇ ಅವನ ಮೋಟಾರು ತಿರುಗಿಸಿಬಿಟ್ಟರೆ? ಈಶಪ್ಪನ ಡಬ್ಬಿಯ ನಂಬರು ಗುಂಪಿನಲ್ಲಿ ಎಲ್ಲರ ಹತ್ತಿರವೂ ಇದೆ.

ಅಲ್ಲಿ ಈಶಪ್ಪ ಹುಲ್ಲಿನ ಹೊರೆ ಇಳಿಸಿ, ಎಣ್ಣೆಯ ಡಬ್ಬ ಹಿಡಿದು ತನ್ನ ಬಾವಿಯ ಮೆಟ್ಟಿಲ ಕಡೆ ಹೊರಟಿದ್ದ. ಪಂಪಿಗೆ ಎಣ್ಣೆ ಬಿಡುವವನು.

ಪರಸಪ್ಪ ಬದು ದಾಟಿದ. ಅಷ್ಟು ವರ್ಷದಲ್ಲಿ ಅವನು ಆ ಹೊಲದಲ್ಲಿ ಕಾಲಿಟ್ಟದ್ದು ನಾನು ಕಂಡಿರಲಿಲ್ಲ.

"ಈಶಪ್ಪಣ್ಣಾ, ಫ್ಯೂಜು ಕಿತ್ತು ಇಳಿ."

ಈಶಪ್ಪ ತಿರುಗಿ ನಿಂತ. "ಯಾಕಲೇ?"

ಪರಸಪ್ಪ ಒಮ್ಮೆ ನನ್ನ ಕಡೆ ನೋಡಿದ. "ಯಾಕಂತ ಕೇಳಬ್ಯಾಡ."

"ಏನ್ ಹುಚ್ಚ ಹಿಡದೈತೇನಲೇ ನಿಮಗ? ಮುದುಕಿಗೂ, ನಿನಗೂ?"

"ಹಿಡದೈತಿ ಅಂತನ ತಿಳಕೋ."

ಹೇಳಿದವನೇ ಈಶಪ್ಪನ ಗೂಡಿಗೆ ನುಗ್ಗಿ ಫ್ಯೂಜು ಕಿತ್ತ. ಈಶಪ್ಪ ಬೈಯುತ್ತಲೇ ಇದ್ದ, ಅವನ ಅಪ್ಪನಿಂದ ಹಿಡಿದು ಬೈದ. ಪರಸಪ್ಪ ಫ್ಯೂಜನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಆ ಬಾವಿಯ ದಂಡೆಗೆ ಕೂತ. ಬೈದು ದಣಿದ ಮೇಲೆ ಈಶಪ್ಪ ಇಳಿದ.

ಈಚೆಯ ದಂಡೆಯ ಮೇಲೆ ನಾನು ಹಾಗೇ ಕೂತಿದ್ದೆ, ಉಡಿ ಭಾರ. ಹಳಿಯಾಳದ ರಸ್ತೆಯ ಕಡೆ ಕಿವಿಯಿಟ್ಟಿದ್ದೆ. ಪೀರಸಾಬನ ಗಾಡಿಯ ಸಪ್ಪಳ ಇನ್ನೂ ಬಂದಿರಲಿಲ್ಲ.