ಕೆಮ್ಮುವ ನೀಲಿ ದೀಪ

ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ನಿಟ್ಟುವಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಇದು ಉಳಿದರ್ಧಕ್ಕೆ ಸೇರಿದ್ದು. ನಂಬಿಕೆ ಬರದಿದ್ದರೆ ಮಂಡಿಪೇಟೆಗೆ ಹೋಗಿ ಇಮಾಮ್ ಸಾಬರನ್ನೇ ಕೇಳಿ. ಬಾಯಿ ತೆರೆಯುವ ಮೊದಲು ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮಿನದೇ ಈ ಕಥೆ.

ನಾನು ಕೊಟ್ಟೂರೇಶ್, ಬಿ.ಎ. ನನ್ನ ಮಟ್ಟಿಗೆ ಅದರ ವಿಸ್ತಾರ ‘ಬಾಯಿ ಆಡಿಸುವವ’. ದಾವಣಗೆರೆಯ ನಮ್ಮ ರಸಮಂಜರಿ ತಂಡದಲ್ಲಿ ನಿರೂಪಣೆ, ನಡುನಡುವೆ ಮಿಮಿಕ್ರಿ ನನ್ನ ಕೆಲಸ. ಕೋಳಿ, ಕಂಡಕ್ಟರ್, ಕೆಟ್ಟುಹೋದ ಮಿಕ್ಸರ್, ಯಾವ ದನಿ ಬೇಕಾದರೂ ತೆಗೆಯುತ್ತೇನೆ. ನಮ್ಮ ಅವ್ವನ ದನಿಯೊಂದನ್ನು ಬಿಟ್ಟು. ಒಮ್ಮೆ ತೆಗೆದಿದ್ದೆ, ಎರಡು ದಿನ ಊಟ ಸಿಗಲಿಲ್ಲ.

ನಮ್ಮ ವೇದಿಕೆಗೆ ಬೆಳಕು ಹಾಕುವವರು ಇಮಾಮ್ ಸಾಬರು. ಹದಿನೆಂಟು ವರ್ಷದಿಂದ ಒಂದೇ ಹಳೆಯ ಬೋರ್ಡು, ಅದರ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುವ ಗುಂಡಿಗಳ ಸಾಲು. ಡ್ರಮ್ಮಿನ ಪೆಟ್ಟಿಗೆ ಕೆಂಪು, ಪಲ್ಲವಿ ಮುಗಿದಾಗ ಹಳದಿ, ಚರಣಕ್ಕೆ ನೀಲಿ, ಎಲ್ಲವೂ ಬೆರಳಲ್ಲೇ. ಯಾವ ಹಾಡಿಗೂ ಒಮ್ಮೆ ಹಾಕಿದ ಬಣ್ಣವನ್ನು ಅವರು ಬದಲಿಸಿದ್ದಿಲ್ಲ.

ಅವರ ಮಗಳು ಬುಷ್ರಾ ಎಲೆಕ್ಟ್ರಾನಿಕ್ಸ್ ಓದಿದವಳು. ಹೋದ ತಿಂಗಳು ಎಲ್ಲಿಂದಲೋ ಒಂದು ಹೊಸ ಕನ್ಸೋಲ್ ತಂದಳು, ಪ್ರಯೋಗಕ್ಕೆಂದು. ಹಾಡಿನ ಯಾವ ಕ್ಷಣಕ್ಕೆ ಯಾವ ಬಣ್ಣ ಎಂದು ಅದರಲ್ಲಿ ಮೊದಲೇ ಕೂಡಿಸಿಟ್ಟರೆ ಸಾಕು. ನಮ್ಮ ಕೀಬೋರ್ಡಿನ ಸಿದ್ದೇಶ್ ಹಾಡು ಶುರು ಮಾಡಿದೊಡನೆ ಅವನ ಲ್ಯಾಪ್‌ಟಾಪಿನಿಂದ ತಾಳ ಕನ್ಸೋಲಿಗೂ ಹೋಗುತ್ತದೆ, ವಾದ್ಯದವರ ಕಿವಿಗೂ ಹೋಗುತ್ತದೆ. ದೀಪಗಳು ಹಾಡಿನ ಜೊತೆ ತಾವೇ ಕುಣಿಯುತ್ತವೆ. ಬುಷ್ರಾಳ ಆಸೆ ಒಂದೇ: ಒಂದು ಪೂರ್ತಿ ಕಾರ್ಯಕ್ರಮಕ್ಕೆ ತಾನೇ ಬೆಳಕು ನಡೆಸಬೇಕು. ಸೋಮವಾರದೊಳಗೆ ಅಪ್ಪ ಒಪ್ಪದಿದ್ದರೆ ಕನ್ಸೋಲ್ ವಾಪಸ್.

"ಒನ್ಸ್ ಮೋರ್ ಅಂದ್ರೆ ನಿನ್ನ ಪೆಟ್ಟಿಗೆ ಏನ್ ಮಾಡ್ತೈತೆ ಬೇಟಾ?" ಎಂದರು ಇಮಾಮ್ ಸಾಬರು.

ಪ್ರಶ್ನೆ ಸಣ್ಣದಲ್ಲ. ನಮ್ಮ ಕಡೆ ಜನ ಹಾಡು ಮುಗಿಯುವವರೆಗೆ ಕಾಯುವುದಿಲ್ಲ. ನಡುವೆಯೇ ಸೀಟಿ ಹೊಡೆದು ‘ಒನ್ಸ್ ಮೋರ್’ ಎಂದರೆ ತಂಡ ಅಲ್ಲಿಂದಲೇ ಪಲ್ಲವಿಗೆ ಮರಳಬೇಕು. ನಾವು ಮರಳದಿದ್ದರೆ ಕುರ್ಚಿಗಳು ವೇದಿಕೆಗೆ ಬರುತ್ತವೆ. ಕೂಡಿಸಿಟ್ಟ ಬೆಳಕಿಗೆ ಈ ಭಯವಿಲ್ಲ, ಅದು ತನ್ನ ಪಾಡಿಗೆ ಮುಂದಕ್ಕೆ ಓಡುತ್ತದೆ.

"ಅದಕ್ಕೂ ಮಾಡೀನಿ ಅಬ್ಬಾ. ಸಿದ್ದೇಶಣ್ಣನ ಕಾಲ ಕೆಳಗೆ ಪೆಡಲ್ ಇಟ್ಟೀನಿ. ಒತ್ತಿದ್ರೆ ಹಾಡು, ಬೆಳಕು ಎರಡೂ ಪಲ್ಲವಿಗೆ ಬರ್ತಾವೆ."

"ಕಾಲಾಗೆ ಒತ್ತೋದು ಹೊಲಿಗೆ ಮಿಷನ್ನು. ಬೆಳಕಿಗೆ ಕೈ ಬೇಕು, ಕೈ! ಭಾನುವಾರ ಹರಿಹರದಾಗೆ ನನ್ನ ಬೋರ್ಡೇ ನಡಿಯೋದು. ನಿನ್ನ ಪೆಟ್ಟಿಗೆ ಪಕ್ಕದಾಗೆ ಕೂತು ನೋಡಿ ಕಲೀಲಿ." ಕೆಮ್ಮಿ ಎದ್ದು ಹೋದರು.

ಬುಷ್ರಾಳ ಮುಖ ಬಲ್ಬು ಹೋದ ಲೈಟಿನ ಹಾಗಾಯಿತು. ನಾನು ಹೇಳಿದೆ: "ನಿಮ್ಮ ಅಬ್ಬಾನೇ ಬಂದು ಪೆಟ್ಟಿಗೆಗೆ ಕಲಿಸಿದ್ರೆ ಹೆಂಗೆ?"

"ಅವ್ರೆಲ್ಲಿ ಬರ್ತಾರೆ ಕೊಟ್ರೇಶಣ್ಣ?"

ನಾನು ಕತ್ತನ್ನು ಎಡಕ್ಕೆ ವಾಲಿಸಿ, ತೋಳು ಮಡಚಿ, ಗಂಟಲಿಗೆ ಮರಳು ಸುರಿದುಕೊಂಡವನಂತೆ "ಹಾಂ... ಈಗ ಬಿಡು ಕೆಂಪು!" ಎಂದೆ. ಹುಡುಗಿ ಕುರ್ಚಿಯಿಂದ ದಡಕ್ಕನೆ ಎದ್ದು ದುಪಟ್ಟಾ ಸರಿಮಾಡಿಕೊಂಡಳು.

ಆಮೇಲೆ ಮೂರು ಮಧ್ಯಾಹ್ನ, ಸಾಬರು ಮಂಡಿಪೇಟೆಯ ಅಂಗಡಿಯಲ್ಲಿದ್ದಾಗ, ಅವರ ಮನೆಯ ಹಿಂದಿನ ಗೋದಾಮಿನಲ್ಲಿ ನಾನು ಇಮಾಮ್ ಸಾಬನಾದೆ. ಸಿದ್ದೇಶ್ ಹಾಡು ಹಾಕುತ್ತಿದ್ದ. ಚಹಾದ ತಟ್ಟೆಯೊಂದನ್ನು ಬೋರ್ಡು ಮಾಡಿಕೊಂಡು ನಾನು ಅವರ ಹಾಗೆಯೇ ಕೈಯಾಡಿಸುತ್ತಿದ್ದೆ. ನನ್ನ ಬೆರಳು ಎದ್ದಾಗೆಲ್ಲ ಬುಷ್ರಾ ಕನ್ಸೋಲಿನಲ್ಲಿ ಆ ಕ್ಷಣವನ್ನು ಕೂಡಿಸುತ್ತಿದ್ದಳು. ಒನ್ಸ್ ಮೋರ್ ಬಿದ್ದಾಗ ಅವರು ತರುವ ಎರಡು ಪೆಟ್ಟು ಕತ್ತಲೆಯೂ ಪೆಡಲಿಗೆ ಸೇರಿತು. ಚರಣಕ್ಕೆ ಮುನ್ನ ಸಾಬರು ತಪ್ಪದೆ ಕೆಮ್ಮುತ್ತಾರೆ. ಅದರಿಂದಾಗಿ ಅವರ ನೀಲಿ ಯಾವಾಗಲೂ ಅರ್ಧ ಪೆಟ್ಟು ತಡ. ನಾನೂ ತಪ್ಪದೆ ಕೆಮ್ಮಿದೆ. ಕಲೆಯಲ್ಲಿ ಮೋಸ ಮಾಡಬಾರದು ನೋಡಿ.

ಭಾನುವಾರ ಹರಿಹರದಲ್ಲಿ ಆಟೋ ಚಾಲಕರ ಸಂಘದ ವಾರ್ಷಿಕೋತ್ಸವ. ಸಾಬರು ಎಲ್ಲ ದೀಪ ಪರೀಕ್ಷಿಸಿ ಸಂಜೆಯ ಮಗ್ರಿಬ್ ನಮಾಜಿಗೆ ಹೋದರು. ಅವರು ಬರುವುದರೊಳಗೆ ನಾವು ವೇದಿಕೆಗೆ ಹೋಗುವ ತಂತಿಯನ್ನು ಬೋರ್ಡಿನಿಂದ ಕಿತ್ತು ಕನ್ಸೋಲಿಗೆ ಸಿಕ್ಕಿಸಿದೆವು. ಬೋರ್ಡಿಗೆ ಕರೆಂಟ್ ಇತ್ತು, ಅದರ ಪುಟ್ಟ ಕೆಂಪು ದೀಪಗಳು ಎಂದಿನಂತೆ ಮಿಣುಕುತ್ತಿದ್ದವು. ಹಿಂಬದಿಯ ಖಾಲಿ ತೂತನ್ನು ಮೇಜಿನ ಹಸಿರು ಬಟ್ಟೆ ಮುಚ್ಚಿತ್ತು.

ಹಾಡು ಶುರುವಾಯಿತು. ಸಾಬರ ಕೈ ಕುಣಿಯಿತು, ದೀಪ ಕುಣಿಯಿತು. ಸಾಬರು ಕೆಮ್ಮಿದರು, ನೀಲಿ ಬಂತು. ನಾಲ್ಕು ಹಾಡು ಹೀಗೆಯೇ. ಬುಷ್ರಾ ಪಕ್ಕದಲ್ಲಿ ಕೈಕಟ್ಟಿ ಕೂತು ‘ಹೂಂ ಅಬ್ಬಾ, ಹೌದು ಅಬ್ಬಾ’ ಎನ್ನುತ್ತಿದ್ದಳು.

ಐದನೆಯದು ನಮ್ಮ ಗಾಯಕಿ ವಾಣಿಯ ಮಂಡಕ್ಕಿ-ಮೆಣಸಿನಕಾಯಿ ಹಾಡು. ಅದನ್ನು ಘೋಷಿಸಿ ನಾನೂ ಕೆಳಗಿಳಿದು ಮೇಜಿನ ಬಳಿ ಬಂದೆ. ಮೊದಲ ಚರಣ ಮುಗಿಯುವಷ್ಟರಲ್ಲಿ ಆಟೋದವರು ಎದ್ದು ನಿಂತರು. "ಒನ್ಸ್ ಮೋರ್!" ಸಿದ್ದೇಶ್ ಪೆಡಲ್ ಒತ್ತಿದ. ಸಾಬರು ಎಲ್ಲ ಗುಂಡಿ ಕೆಳಗೆಳೆದರು. ಎರಡು ಪೆಟ್ಟು ಕತ್ತಲೆ, ಆಮೇಲೆ ಧಗ್ ಎಂದು ಕೆಂಪು, ಅದರೊಳಗೆ ವಾಣಿ, ಪಲ್ಲವಿ! ಹೊರಗೆ ನಿಂತಿದ್ದ ಆಟೋಗಳೂ ಹಾರನ್ ಹೊಡೆದವು.

"ನೋಡ್ದೇನು? ಮಾಡ್ತೈತಾ ನಿನ್ನ ಪೆಟ್ಟಿಗೆ ಇದನ್ನ?" ಸಾಬರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು.

ಬುಷ್ರಾಳಿಗೆ ಪಾಪ ಅನಿಸಿರಬೇಕು. ಫ್ಲಾಸ್ಕ್ ತೆಗೆದಳು. "ಅಮ್ಮಿ ಶುಂಠಿ ಕಷಾಯ ಕಳ್ಸ್ಯಾರೆ, ಕುಡೀರಿ ಅಬ್ಬಾ."

ಕುಡಿದರು. ಬುಷ್ರಾಳ ತಾಯಿ ಖತೀಜಾಬೀ ಅವರ ಕಷಾಯ ಸಾಮಾನ್ಯದ್ದಲ್ಲ. ಮುಂದಿನ ಚರಣಕ್ಕೆ ಕೆಮ್ಮೇ ಬರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಸಾಬರ ಬೆರಳು ತಾಳದ ಪೆಟ್ಟಿಗೆ ಸರಿಯಾಗಿ ನೀಲಿ ಎತ್ತಿತು. ವೇದಿಕೆಯ ನೀಲಿ ಮಾತ್ರ ಅರ್ಧ ಪೆಟ್ಟು ಬಿಟ್ಟು ಬಂತು.

ಸಾಬರು ಬೆರಳು ನೋಡಿಕೊಂಡರು. ನೀಲಿಯ ಗುಂಡಿಯನ್ನು ಪೂರ್ತಿ ಕೆಳಗೆಳೆದರು. ವೇದಿಕೆ ನೀಲಿಯಾಗಿಯೇ ಇತ್ತು. ಎರಡೂ ಕೈ ಮೇಲೆತ್ತಿದರು. ದೀಪಗಳು ಆರಾಮಾಗಿ ಕುಣಿಯುತ್ತಿದ್ದವು.

"ಲೇ ಕೊಟ್ರಾ, ಈಗ ಕೆಮ್ಮಿದ್ದು ಯಾರು?"

"ಯಾರೂ ಕೆಮ್ಮಿಲ್ರಿ ಸಾಬ್ರೆ."

"ಅದಕ್ಕೇ ಕೇಳಿದ್ದು! ನಾ ಕೆಮ್ಮಿಲ್ಲ, ನೀಲಿ ಹೆಂಗೆ ಕೆಮ್ತು?"

ಹಸಿರು ಬಟ್ಟೆ ಎತ್ತಿದರು. ಖಾಲಿ ತೂತು ಕಂಡಿತು. ತಂತಿಯ ಜಾಡು ಹಿಡಿದು ಅವರ ಕಣ್ಣು ಕನ್ಸೋಲಿಗೆ, ಅಲ್ಲಿಂದ ಮಗಳ ಮುಖಕ್ಕೆ ಬಂತು.

"ಅಬ್ಬಾ... ನಿಮ್ಮ ಕೈನೇ ಅದು. ಎಲ್ಲಾ ನಿಮ್ದೇ. ನಾ ಒಂದು ಬಣ್ಣಾನೂ ಬದಲು ಮಾಡಿಲ್ಲ," ಎಂದಳು ಬುಷ್ರಾ.

ಗಾಬರಿಯಲ್ಲಿ ನನ್ನ ಗಂಟಲು ಕೆರೆಯಿತು, ಕೆಮ್ಮಿಬಿಟ್ಟೆ. ಮೂರು ಮಧ್ಯಾಹ್ನದ ಅಭ್ಯಾಸ, ಬಂದದ್ದು ಅವರದೇ ಕೆಮ್ಮು. ಸಾಬರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅರೆ ಹರಾಮ್‌ಖೋರ್, ನೀನಾ ನಾನು?"

ಕತ್ತು ಎಡಕ್ಕೆ ವಾಲಿಸಿ "ಹಾಂ..." ಎಂದೆ.

ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಕುರ್ಚಿ, ಆಮೇಲೆ ಮೇಜು. ಮುಂದಿನ ಸಾಲಿನವರು ಹಾಡು ಬಿಟ್ಟು ಇತ್ತ ತಿರುಗಿದರು. ವೇದಿಕೆಯ ಮೇಲೆ ವಾಣಿಗೆ ಒಂದು ಸಾಲು ತಪ್ಪಿತು. ಸಾಬರು ಕಣ್ಣೊರೆಸಿಕೊಳ್ಳುತ್ತ ಹಸಿರು ಬಟ್ಟೆಯನ್ನು ಎಳೆದು ಬೋರ್ಡಿಗೆ ಹೊದಿಸಿದರು.

"ಸೋಮವಾರ ಆ ಪೆಟ್ಟಿಗೆ ವಾಪಸ್ ಹೋದ್ರೆ ನೋಡು ಮತ್ತೆ! ಉಳಿದ ಹಾಡುಗಳ್ನೂ ನೀನೇ ಕೂಡ್ಸು ಬೇಟಾ."

"ಕೆಮ್ಮು ತೆಗೆದುಬಿಡ್ಲಾ ಅಬ್ಬಾ?"

"ಬ್ಯಾಡ, ಇರ್ಲಿ. ಇಮಾಮ್ ಸಾಬ ಎಲ್ಲಿ ಅಂತ ಜನ ಕೇಳಬಾರ್ದು."

ಮತ್ತೆ ನಗಲು ಹೋದರು, ನಗು ಕೆಮ್ಮಿಗೆ ತಿರುಗಿತು. ಅದೇ ಗಳಿಗೆಗೆ ಕೊನೆಯ ಚರಣ, ಸರಿಯಾಗಿ ಕೆಮ್ಮಿನ ಹಿಂದೆಯೇ ನೀಲಿ. ಅದನ್ನು ಕಂಡು ಸಾಬರು ನಕ್ಕ ನಗೆಗೆ ನಾನು, ಬುಷ್ರಾ, ಮುಂದಿನ ಎರಡು ಸಾಲಿನ ಆಟೋದವರು ಎಲ್ಲ ಸೇರಿ ನಕ್ಕದ್ದೂ ಕೇಳಿಸಲಿಲ್ಲ.